ಕಲಿಕೆಯ ಮನೋವಿಜ್ಞಾನವನ್ನು ಬಾಯಿಪಾಠದಿಂದ ಬಿಡಿಸಿ: ಬಿ.ಇಡಿ. ಕಾಲೇಜುಗಳಿಗೆ ಒಂದು ಬಹಿರಂಗ ಪತ್ರ

ಗೆ,
ಧಾರವಾಡ, ಗದಗ ಮತ್ತು ಹಾವೇರಿ ಜಿಲ್ಲೆಗಳ ಬಿ.ಇಡಿ. ಹಾಗೂ ಡಿ.ಎಲ್.ಇಡಿ. ಕಾಲೇಜುಗಳ ಪ್ರಾಚಾರ್ಯರಿಗೆ, ಮನೋವಿಜ್ಞಾನ ಕಲಿಸುವ ಉಪನ್ಯಾಸಕರಿಗೆ, ಪಠ್ಯಕ್ರಮ ಮತ್ತು ಪ್ರಶ್ನೆಪತ್ರಿಕೆ ತಯಾರಿಸುವ ಹಿರಿಯರಿಗೆ.

ಮಾನ್ಯರೇ,

ನಾನು ಕುಂದಗೋಳ ತಾಲೂಕಿನ ಒಂದು ಸರಕಾರಿ ಪ್ರೌಢಶಾಲೆಯಲ್ಲಿ ಗಣಿತ ಕಲಿಸುವ ಶಿಕ್ಷಕಿ. ಇಂಟರ್ನ್‌ಶಿಪ್‌ಗೆ ಬರುವ ಪ್ರಶಿಕ್ಷಣಾರ್ಥಿಗಳು ನಮ್ಮ ತರಗತಿಗಳಲ್ಲಿ ಪಾಠ ಮಾಡುತ್ತಾರೆ. ಒಳ್ಳೆಯ ಹುಡುಗ ಹುಡುಗಿಯರು. ಬೆಳಿಗ್ಗೆ ಬಸ್ ಹಿಡಿದು ಪ್ರಾರ್ಥನೆಯ ಹೊತ್ತಿಗೆ ಬಂದಿರುತ್ತಾರೆ. ರಾತ್ರಿ ಕುಳಿತು ಚಾರ್ಟ್ ಬರೆದಿರುತ್ತಾರೆ. ಮಕ್ಕಳನ್ನು ಪ್ರೀತಿಯಿಂದ ಮಾತಾಡಿಸುತ್ತಾರೆ. ಅವರ ಮೇಲೆ ದೂರು ಹೇಳಲು ನಾನು ಈ ಪತ್ರ ಬರೆಯುತ್ತಿಲ್ಲ. ಅವರಿಗೆ ಸಿಗಲೇಬೇಕಾದ ಒಂದು ವಿದ್ಯೆ ಅವರ ಕೈಗೆ ಸಿಗುತ್ತಿಲ್ಲ. ಅದನ್ನು ನಿಮ್ಮ ಮುಂದೆ ಇಡಬೇಕಾಗಿದೆ.

ಮಕ್ಕಳ ಬುದ್ಧಿ ಬೆಳೆಯುವ ಬಗ್ಗೆ ಪಿಯಾಜೆ ಹೇಳಿದ ನಾಲ್ಕು ಹಂತ ಯಾವುವು ಎಂದು ಕೇಳಿದರೆ ಅವರು ತಡವರಿಸದೆ ಹೇಳುತ್ತಾರೆ. ಥಾರ್ನ್‌ಡೈಕನ ಬೆಕ್ಕು, ಪಾವ್ಲೋವನ ನಾಯಿ, ಸ್ಕಿನ್ನರನ ಇಲಿ, ಕೊಹ್ಲರನ ಚಿಂಪಾಂಜಿ, ಕಲಿಕೆಯ ಮೇಲಿನ ಈ ಹಳೆಯ ಪ್ರಯೋಗಗಳೆಲ್ಲವೂ ಗೊತ್ತು. ಆದರೆ ಎಂಟನೇ ತರಗತಿಯ ಹುಡುಗನೊಬ್ಬನ ನೋಟ್‌ಬುಕ್ ತೆರೆದು, 52ರಲ್ಲಿ 38 ಕಳೆದು 26 ಎಂದು ಬರೆದಿದ್ದನ್ನು ತೋರಿಸಿ, ಇವನ ತಲೆಯಲ್ಲಿ ಏನು ನಡೆದಿರಬಹುದು ಎಂದು ಕೇಳಿದರೆ ಬರುವ ಉತ್ತರ ಒಂದೇ: "ಲಕ್ಷ್ಯ ಕೊಟ್ಟಿಲ್ಲ ಮೇಡಂ."

ಲಕ್ಷ್ಯ ಕೊಟ್ಟೇ ಮಾಡಿದ್ದಾನೆ. ಬಿಡಿ ಸ್ಥಾನದಲ್ಲಿ 2ರಲ್ಲಿ 8 ಹೋಗುವುದಿಲ್ಲ. ಹಾಗಾಗಿ 8ರಲ್ಲಿ 2 ಕಳೆದು 6 ಬರೆದ. ಹತ್ತರ ಸ್ಥಾನದಲ್ಲಿ 5ರಲ್ಲಿ 3 ಹೋಗಿ 2 ಉಳಿಯಿತು. "ದೊಡ್ಡದರಲ್ಲಿ ಸಣ್ಣದನ್ನು ಕಳೆಯಬೇಕು" ಎಂದು ಒಂದನೇ, ಎರಡನೇ ಇಯತ್ತೆಯಲ್ಲಿ ಕೇಳಿದ ಮಾತನ್ನು ಅವನು ಪ್ರತಿ ಸಲವೂ ನಿಯತ್ತಿನಿಂದ ಪಾಲಿಸುತ್ತಿದ್ದಾನೆ. 91ರಲ್ಲಿ 45 ಕಳೆ ಎಂದರೆ 54 ಬರೆಯುತ್ತಾನೆ. ಬರೆಯುವ ಮೊದಲೇ ನಾವು ಅದನ್ನು ಹೇಳಬಹುದು. ಹೀಗೆ ಮೊದಲೇ ಹೇಳಬಹುದಾದ ತಪ್ಪು ಅಜಾಗರೂಕತೆಯಿಂದ ಆಗುವುದಿಲ್ಲ. ಅದರ ಹಿಂದೆ ಒಂದು ನಿಯಮ ಇರುತ್ತದೆ. ಆ ನಿಯಮ ಹುಡುಕುವುದನ್ನೇ ಕಲಿಕೆಯ ಮನೋವಿಜ್ಞಾನ ಕಲಿಸಬೇಕು. ಶಿಕ್ಷಕರಿಗೆ ಇದಕ್ಕಿಂತ ಉಪಯೋಗದ ವಿದ್ಯೆ ಇನ್ನೊಂದಿಲ್ಲ.

ಪ್ರಶಿಕ್ಷಣಾರ್ಥಿಗಳು ಈ ವಿಷಯವನ್ನು ಹೇಗೆ ಓದುತ್ತಾರೆ ನೋಡಿ. ಪರೀಕ್ಷೆಗೆ ಎರಡು ವಾರ ಇರುವಾಗ ಗೈಡ್ ತೆಗೆಯುತ್ತಾರೆ. ವ್ಯಾಖ್ಯೆ, ಲಕ್ಷಣ, ಶೈಕ್ಷಣಿಕ ಅನ್ವಯ, ಮುಕ್ತಾಯ ಎಂದು ಪಾಯಿಂಟ್ ಹಾಕಿ ಬಾಯಿಪಾಠ ಮಾಡುತ್ತಾರೆ. ಆಮೇಲೆ ಟಿಇಟಿ, ಅಂದರೆ ಶಿಕ್ಷಕರ ಅರ್ಹತಾ ಪರೀಕ್ಷೆ. ಅದರ 150 ಅಂಕಗಳಲ್ಲಿ 30 ಅಂಕ ಶಿಶು ವಿಕಾಸ ಮತ್ತು ಬೋಧನಾ ಶಾಸ್ತ್ರಕ್ಕೆ. ಧಾರವಾಡದ ಸಪ್ತಾಪುರದ ಓಣಿಗಳಲ್ಲಿ ಸಂಜೆ ನಡೆದರೆ ಸಾಕು, ಯಾವ ಊರಿನಿಂದಲೋ ಬಂದು ರೂಮು ಹಿಡಿದ ಹುಡುಗರು ಚಹದಂಗಡಿ ಮುಂದೆ ನಿಂತು ಒಬ್ಬರಿಗೊಬ್ಬರು ಪ್ರಶ್ನೆ ಹಾಕುವುದು ಕೇಳಿಸುತ್ತದೆ. "ಯಾವ ವಯಸ್ಸಿಗೆ ಯಾವ ಹಂತ?" "ಸಮೀಪದ ವಿಕಾಸ ವಲಯ ಯಾರದು?" ಅವರ ಶ್ರಮದ ಬಗ್ಗೆ ನನಗೆ ತುಂಬ ಗೌರವ ಇದೆ. ಮನೆಯ ಹೊಲದ ದುಡ್ಡಿನಲ್ಲಿ, ತಂಗಿಯ ಮದುವೆ ಮುಂದೂಡಿ ಓದುವವರಿದ್ದಾರೆ. ಆದರೆ ಹೆಸರು ಮತ್ತು ಸಿದ್ಧಾಂತ ಹೊಂದಿಸಿ ಬರೆಯುವ ಈ ಓದು ತರಗತಿಯ ಬಾಗಿಲವರೆಗೂ ಅವರ ಜೊತೆ ಬರುವುದಿಲ್ಲ.

ಯಾಕೆ ಬರುವುದಿಲ್ಲ ಎಂಬುದಕ್ಕೆ ಅವರು ಓದುವ ವಿಷಯದಲ್ಲೇ ಉತ್ತರ ಇದೆ. ಜರ್ಮನಿಯ ಹರ್ಮನ್ ಎಬಿಂಗ್‌ಹಾಸ್ ಅರ್ಥವಿಲ್ಲದ ಅಕ್ಷರಗುಂಪುಗಳನ್ನು ತಾನೇ ಬಾಯಿಪಾಠ ಮಾಡಿ, ಎಷ್ಟು ಬೇಗ ಮರೆಯುತ್ತದೆ ಎಂದು ಅಳೆದು 1885ರಲ್ಲಿ ಪ್ರಕಟಿಸಿದ. ಕಲಿತ ಕೂಡಲೇ ಮರೆವು ಜೋರಾಗಿ ಶುರುವಾಗುತ್ತದೆ, ಆಮೇಲೆ ನಿಧಾನವಾಗುತ್ತದೆ. ಒಂದೇ ಸಲ ಕುಳಿತು ಓದಿದ್ದಕ್ಕಿಂತ ದಿನ ಬಿಟ್ಟು ದಿನ ಹಂಚಿ ಓದಿದ್ದು ಹೆಚ್ಚು ನಿಲ್ಲುತ್ತದೆ. 2006ರಲ್ಲಿ ರೋಡಿಗರ್ ಮತ್ತು ಕಾರ್ಪಿಕಿ ಎಂಬ ಇಬ್ಬರು ಸಂಶೋಧಕರು ಕಾಲೇಜು ವಿದ್ಯಾರ್ಥಿಗಳಿಗೆ ಒಂದು ಪಾಠ ಓದಿಸಿದರು. ಕೆಲವರು ಅದನ್ನೇ ಮತ್ತೊಮ್ಮೆ ಓದಿದರು. ಇನ್ನು ಕೆಲವರು ಪಾಠ ಮುಚ್ಚಿಟ್ಟು ನೆನಪಿದ್ದಷ್ಟು ಬರೆದರು. ಐದು ನಿಮಿಷದ ನಂತರ ಪರೀಕ್ಷಿಸಿದಾಗ ಮತ್ತೆ ಓದಿದವರೇ ಮುಂದೆ ಇದ್ದರು. ಒಂದು ವಾರದ ನಂತರ ಲೆಕ್ಕ ತಿರುಗಿತು. ನೆನಪಿನಿಂದ ಬರೆದವರಿಗೆ ಶೇಕಡಾ 56ರಷ್ಟು ನೆನಪಿತ್ತು, ಮತ್ತೆ ಓದಿದವರಿಗೆ ಶೇಕಡಾ 42.

ಈ ಪ್ರಯೋಗದಿಂದ ಶಿಕ್ಷಕರು ತಿಳಿಯಬೇಕಾದದ್ದು ಇದು. ಈಗಷ್ಟೇ ಓದಿದ್ದು ತಲೆಯಲ್ಲಿ ತಿಳಿಯಾಗಿ ಇರುತ್ತದೆ. ಆ ತಿಳಿಯನ್ನು ನಾವು ಕಲಿಕೆ ಎಂದುಕೊಳ್ಳುತ್ತೇವೆ. ಪ್ರಶಿಕ್ಷಣಾರ್ಥಿ ಪಾಠ ಮುಗಿಸಿ "ಎಲ್ಲರಿಗೂ ತಿಳೀತಾ?" ಎಂದು ಕೇಳುತ್ತಾರೆ. ಇಡೀ ತರಗತಿ "ತಿಳೀತ್ರೀ" ಎಂದು ರಾಗ ಎಳೆಯುತ್ತದೆ. ಆ ಮಾತಿನಲ್ಲಿ ಸುಳ್ಳಿಲ್ಲ, ಆ ಕ್ಷಣಕ್ಕೆ ತಿಳಿದ ಹಾಗೆಯೇ ಇರುತ್ತದೆ. ಮುಂದಿನ ಸೋಮವಾರ ಬಂದು ಅದೇ ಪ್ರಶ್ನೆಯನ್ನು ಬೋರ್ಡ್ ಮೇಲೆ ಬರೆದು, ಪುಸ್ತಕ ಮುಚ್ಚಿಸಿ, ಸುಮ್ನೆ ಐದು ನಿಮಿಷ ಕಾಯಲಿ. ಆಗ ತಿಳಿಯುತ್ತದೆ, ಏನು ಉಳಿದಿದೆ ಎಂದು. ಇದಕ್ಕೆ ಅಂಕ ಬೇಡ, ರಿಜಿಸ್ಟರ್ ಬೇಡ. ನೆನಪಿನಿಂದ ತೆಗೆಯುವ ಆ ತಿಣುಕಾಟವೇ ನೆನಪನ್ನು ಗಟ್ಟಿ ಮಾಡುತ್ತದೆ. ಹೋದ ವಾರದ್ದೊಂದು, ಹೋದ ತಿಂಗಳದ್ದೊಂದು ಪ್ರಶ್ನೆ ಕೇಳಿ ಪಾಠ ಶುರು ಮಾಡುವ ರೂಢಿಯನ್ನು ಪ್ರಶಿಕ್ಷಣಾರ್ಥಿ ಕಲಿತು ಬಂದರೆ, ಹತ್ತು ಬಣ್ಣದ ಚಾರ್ಟಿಗಿಂತ ಹೆಚ್ಚು ಕೆಲಸ ಆಗುತ್ತದೆ.

ಇಲ್ಲಿ ನಮ್ಮ ಭಾಗದ ಸಂಗೀತದ ಮಾತು ನೆನಪಾಗುತ್ತದೆ. ಗಂಗೂಬಾಯಿ ಹಾನಗಲ್ ಹುಬ್ಬಳ್ಳಿಯಿಂದ ರೈಲು ಹಿಡಿದು ಸವಾಯಿ ಗಂಧರ್ವರ ಹತ್ತಿರ ಕಲಿಯಲು ನಮ್ಮ ಕುಂದಗೋಳಕ್ಕೆ ಬರುತ್ತಿದ್ದರು. ಗದಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಪಂಚಾಕ್ಷರಿ ಗವಾಯಿಗಳು, ಅವರ ನಂತರ ಪುಟ್ಟರಾಜ ಗವಾಯಿಗಳು, ಕಣ್ಣು ಕಾಣದ ಎಷ್ಟೋ ಮಕ್ಕಳಿಗೆ ಸಂಗೀತ ಕಲಿಸಿದರು. ಗುರುವಿನ ಮುಂದೆ ಕುಳಿತು ಕೇಳಿದ್ದನ್ನು ಶಿಷ್ಯ ನೆನಪಿನಿಂದ ಹಾಡುತ್ತಾನೆ. ಸ್ವರ ಜಾರಿದ ಕಡೆ ಗುರು ಅಲ್ಲೇ ತಡೆಯುತ್ತಾರೆ. ಹಳೆಯದನ್ನು ಮತ್ತೆ ಮತ್ತೆ ತೆಗೆದು ಹಾಡಿಸುತ್ತಾರೆ. ನೆನಪಿನಿಂದ ತೆಗೆಯುವುದು, ಹಂಚಿ ಅಭ್ಯಾಸ ಮಾಡುವುದು, ತಕ್ಷಣ ತಿದ್ದುವುದು, ಮೂರೂ ಅಲ್ಲಿವೆ. ನಿಮ್ಮ ಕಾಲೇಜಿನಿಂದ ಒಂದು ದಿನ ಪುಣ್ಯಾಶ್ರಮಕ್ಕೆ ಹೋಗಿ ಒಂದು ಪಾಠ ನೋಡಿ ಬಂದರೆ, ಮಾಡಿದಷ್ಟೂ ಕಲಿಕೆ ಗಟ್ಟಿಯಾಗುತ್ತದೆ ಎಂಬುದನ್ನು ಅಭ್ಯಾಸ ನಿಯಮ ಎಂದು ಪರೀಕ್ಷೆಯಲ್ಲಿ ಬರೆಯುವುದರ ಅರ್ಥ ಪ್ರಶಿಕ್ಷಣಾರ್ಥಿಗಳಿಗೆ ಕಿವಿಯಲ್ಲೇ ಕೇಳಿಸುತ್ತದೆ.

ಇನ್ನು ಪೂರ್ವಜ್ಞಾನ. ಪಾಠ ಯೋಜನೆಯಲ್ಲಿ ಇದಕ್ಕೊಂದು ಜಾಗ ಇದ್ದೇ ಇದೆ. ಅಲ್ಲಿ ಬಹುತೇಕ ಒಂದೇ ಸಾಲು ಇರುತ್ತದೆ: "ವಿದ್ಯಾರ್ಥಿಗಳಿಗೆ ಭಿನ್ನರಾಶಿಯ ಬಗ್ಗೆ ತಿಳಿದಿದೆ." ಏನು ತಿಳಿದಿದೆ? ಹೇಗೆ ತಿಳಿದಿದೆ? ಯಾರಿಗೆ? ಡೇವಿಡ್ ಆಸುಬೆಲ್ ಎಂಬ ಮನೋವಿಜ್ಞಾನಿ 1968ರಲ್ಲೇ ಹೇಳಿದ ಮಾತಿನ ಸಾರ ಇಷ್ಟು: ಕಲಿಯುವವನಿಗೆ ಈಗಾಗಲೇ ಏನು ಗೊತ್ತಿದೆ ಎಂಬುದೇ ಕಲಿಕೆಯ ಮೇಲೆ ಎಲ್ಲಕ್ಕಿಂತ ಹೆಚ್ಚು ಪ್ರಭಾವ ಬೀರುತ್ತದೆ, ಅದನ್ನು ಕಂಡುಕೊಂಡು ಅದರಂತೆ ಕಲಿಸಿ. ಕಂಡುಕೊಳ್ಳುವುದು ಎಂದರೆ ಕೇಳಬೇಕು, ಕಾಯಬೇಕು, ಮಕ್ಕಳ ಮಾತನ್ನು ಪೂರ್ತಿ ಕೇಳಿಸಿಕೊಳ್ಳಬೇಕು.

ಕೇಳಿದರೆ ಏನೇನು ಸಿಗುತ್ತದೆ ಗೊತ್ತಾ? ನಾಲ್ಕನೇ ಒಂದು ದೊಡ್ಡದೋ ಎಂಟನೇ ಒಂದು ದೊಡ್ಡದೋ ಎಂದರೆ ಎಷ್ಟೋ ಮಕ್ಕಳು ಎಂಟನೇ ಒಂದು ಎನ್ನುತ್ತಾರೆ. ಎಂಟು ನಾಲ್ಕಕ್ಕಿಂತ ದೊಡ್ಡದು ತಾನೆ? ಅದೇ ಮಗುವಿಗೆ, ಒಂದು ಜೋಳದ ರೊಟ್ಟಿಯನ್ನು ನಾಲ್ಕು ಮಂದಿ ಹಂಚಿಕೊಂಡಾಗ ಜಾಸ್ತಿ ಸಿಗುತ್ತದೋ, ಎಂಟು ಮಂದಿ ಹಂಚಿಕೊಂಡಾಗಲೋ ಎಂದು ಕೇಳಿ. ನಗುತ್ತದೆ. ಇದೇನು ಪ್ರಶ್ನೆ ಎಂಬಂತೆ ನೋಡುತ್ತದೆ. 0.25 ಮತ್ತು 0.3ರಲ್ಲಿ ದೊಡ್ಡದು ಯಾವುದು ಎಂದರೆ ಹತ್ತನೇ ತರಗತಿಯಲ್ಲೂ 0.25 ಎನ್ನುವವರಿದ್ದಾರೆ. 25 ಮೂರಕ್ಕಿಂತ ದೊಡ್ಡದು ಎಂಬುದು ಅವರ ಕಾರಣ. ಕಿರಾಣಿ ಅಂಗಡಿಗೆ ಹೋಗಿ ಪಾವ್ ಕಿಲೋ ಸಕ್ಕರೆ ತರುವ ಮಗುವಿಗೆ ಅದು 250 ಗ್ರಾಂ ಎಂದು ಗೊತ್ತು. 0.3 ಕಿಲೋ ಎಂದರೆ 300 ಗ್ರಾಂ ಎಂದು ತೋರಿಸಿದರೆ ಅದು ತಾನೇ ತನ್ನ ಉತ್ತರ ತಿದ್ದಿಕೊಳ್ಳುತ್ತದೆ. ಮನೆಯ ಅರಿವು ಒಂದು ಕಡೆ, ಶಾಲೆಯ ಅಂಕಿ ಇನ್ನೊಂದು ಕಡೆ ಇದೆ. ಎರಡನ್ನೂ ಕೂಡಿಸುವ ಕೆಲಸ ಯಾರೂ ಮಾಡಿಲ್ಲ. ತಾನಾಗಿ ಅದು ಕೂಡುವುದೂ ಇಲ್ಲ. ಒಂದು ಸಂದರ್ಭದಲ್ಲಿ ಕಲಿತದ್ದು ಇನ್ನೊಂದು ಸಂದರ್ಭಕ್ಕೆ ತಾನಾಗಿಯೇ ದಾಟುವುದಿಲ್ಲ ಎಂದು ಮನೋವಿಜ್ಞಾನ ಹೇಳುವುದು ಇದನ್ನೇ.

ನಮ್ಮ ಮಕ್ಕಳ ಹತ್ತಿರ ಇಂಥ ಅರಿವು ಬೇಕಾದಷ್ಟಿದೆ. ಎರೆ ಹೊಲ ಬೇಸಿಗೆಯಲ್ಲಿ ಬಿರುಕು ಬಿಡುವುದನ್ನು, ಮಸಾರಿ ಹೊಲದಲ್ಲಿ ನೀರು ನಿಲ್ಲದಿರುವುದನ್ನು ಕಣ್ಣಾರೆ ಕಂಡ ಮಕ್ಕಳಿಗೆ ಮಣ್ಣಿನ ಪಾಠವನ್ನು ವ್ಯಾಖ್ಯೆಯಿಂದ ಶುರು ಮಾಡುವ ಅಗತ್ಯ ಏನಿದೆ? ಅಪ್ಪನ ಜೊತೆ ಮೆಣಸಿನಕಾಯಿ ಚೀಲ ಹೇರಿಕೊಂಡು ಬ್ಯಾಡಗಿ ಮಾರುಕಟ್ಟೆಗೆ ಹೋದ ಹುಡುಗಿಗೆ ಕ್ವಿಂಟಲ್ ದರ, ತೂಕ, ಹಮಾಲಿ ಎಲ್ಲವೂ ಗೊತ್ತು. ಶೇಕಡಾ ಲೆಕ್ಕವನ್ನು ಅಲ್ಲಿಂದಲೇ ಎತ್ತಿಕೊಳ್ಳಬಹುದಲ್ಲವಾ? ಆದರೆ ಪ್ರಶಿಕ್ಷಣಾರ್ಥಿ ಬರೆದುಕೊಂಡು ಬಂದ ಯೋಜನೆಯಲ್ಲಿ ಆ ಹುಡುಗಿಗೆ ಜಾಗವೇ ಇಲ್ಲ. ಪೀಠಿಕೆಯ ಪ್ರಶ್ನೆಗಳು ಮೊದಲೇ ಬರೆದಿರುತ್ತವೆ, ಮಕ್ಕಳು ಕೊಡಬೇಕಾದ ಉತ್ತರಗಳೂ ಬರೆದಿರುತ್ತವೆ.

ಭಾಷೆಯ ಮಾತು ಇದಕ್ಕೆ ಹತ್ತಿರದ್ದು. ಪಕ್ಕದ ತರಗತಿಯ ವಿಜ್ಞಾನ ಪಾಠದಲ್ಲಿ ಒಬ್ಬ ಹುಡುಗ ಎದ್ದು ನಿಂತು, "ನೀರ ಕಾದ ಮ್ಯಾಲ ಉಗಿ ಆಗಿ ಮ್ಯಾಲ ಹೋಗತೈತ್ರಿ" ಎಂದ. ಸರಿಯಾದ ಉತ್ತರ. ಕಲಿಸುತ್ತಿದ್ದವರು, "ಹಾಗೆ ಹೇಳಬಾರದು, ಆವಿಯಾಗುತ್ತದೆ ಎನ್ನಬೇಕು" ಎಂದರು. ಹುಡುಗ ಕುಳಿತ. ಆ ತಾಸಿನಲ್ಲಿ ಮತ್ತೆ ಏಳಲಿಲ್ಲ. ಪುಸ್ತಕದ ಕನ್ನಡ ಕಲಿಸಲೇಬೇಕು, ಅದರಲ್ಲಿ ನನಗೆ ಎರಡು ಮಾತಿಲ್ಲ. ಮೊದಲು ವಿಚಾರ ಸರಿ ಇದೆ ಎಂದು ಒಪ್ಪಿ, "ಭೇಷ್, ಅದಕ್ಕೆ ಪುಸ್ತಕದಲ್ಲಿ ಆವಿ ಅಂತಾರೆ" ಎಂದರೆ ಎರಡೂ ಕೆಲಸ ಆಗುತ್ತದೆ. ಗದಗ ಜಿಲ್ಲೆಯ ತಾಂಡಾಗಳಿಂದ ಬರುವ ಲಂಬಾಣಿ ಮಕ್ಕಳು, ಮನೆಯಲ್ಲಿ ಉರ್ದು ಇಲ್ಲವೇ ಮರಾಠಿ ಆಡುವ ಮಕ್ಕಳು ಇದರ ಎರಡು ಪಟ್ಟು ಹೊರೆ ಹೊತ್ತು ಕುಳಿತಿರುತ್ತಾರೆ. ಅವರು ಸುಮ್ಮನಿರುವುದನ್ನು ದಡ್ಡತನ ಎಂದು ಓದಬೇಡಿ ಎಂದು ಯಾರಾದರೂ ಹೊಸ ಶಿಕ್ಷಕರಿಗೆ ಬಾಯಿಬಿಟ್ಟು ಹೇಳಬೇಕು.

ಹೊರೆ ಎಂದಾಗ ಕಾರ್ಯಸ್ಮೃತಿಯ ವಿಷಯ ಬರುತ್ತದೆ. ಈ ಹೊತ್ತು ಯೋಚಿಸುತ್ತಿರುವುದನ್ನು ಹಿಡಿದಿಡುವ ಮನಸ್ಸಿನ ಜಾಗ ಬಹಳ ಚಿಕ್ಕದು. ಅಲ್ಲಿ ಒಮ್ಮೆಗೆ ಹಿಡಿಯುವ ಸಂಗತಿಗಳು ಏಳರ ಆಸುಪಾಸು ಎಂದು 1956ರಲ್ಲಿ ಜಾರ್ಜ್ ಮಿಲ್ಲರ್ ಹೇಳಿದರು. 2001ರಲ್ಲಿ ನೆಲ್ಸನ್ ಕೋವನ್ ಅದು ನಾಲ್ಕರ ಆಸುಪಾಸು ಎಂದು ತೋರಿಸಿದರು. ಬೋರ್ಡ್ ಮೇಲೆ ಬರೆಯುತ್ತಾ, ಅದೇ ಹೊತ್ತಿಗೆ ಬೇರೇನೋ ವಿವರಿಸುತ್ತಾ, ನಡುವೆ "ಬರ್ಕೊಳ್ರಿ" ಎನ್ನುತ್ತಾ ಹೋದರೆ ಮಗು ಬರೆಯುತ್ತದೆ, ಯೋಚಿಸುವುದಿಲ್ಲ. ಯೋಚಿಸಲು ಜಾಗ ಉಳಿದಿರುವುದಿಲ್ಲ. ಇಲ್ಲಿ ಒಂದು ಮಾತು ಹೇಳಿಬಿಡುತ್ತೇನೆ. ಬಾಯಿಪಾಠವೇ ಕೆಟ್ಟದ್ದು ಎನ್ನುವವರ ಜೊತೆ ನಾನಿಲ್ಲ. ಮಗ್ಗಿ ಬಾಯಿಗೆ ಬರಬೇಕು. ಏಳೆಂಟಲ ಐವತ್ತಾರು ಎಂದು ತಟ್ಟನೆ ಬರುವ ಮಗುವಿಗೆ ವರ್ಗ ಸಮೀಕರಣದಲ್ಲಿ ಯೋಚಿಸಲು ಜಾಗ ಸಿಗುತ್ತದೆ. ಬೆರಳು ಎಣಿಸುವ ಮಗುವಿಗೆ ಆ ಜಾಗ ಎಣಿಕೆಯಲ್ಲೇ ತುಂಬಿಹೋಗುತ್ತದೆ. ಏಳು ಎಂಟು ಸಲ ಎಂದರೇನು ಎಂದು ತಿಳಿಸಿ ಬಾಯಿಪಾಠ ಮಾಡಿಸಿ, ಅಷ್ಟೇ.

ಹೊಸ ಲೆಕ್ಕ ಕಲಿಸುವಾಗ ಮಾದರಿ ಲೆಕ್ಕಗಳನ್ನು ಬಿಡಿಸಿ ತೋರಿಸುವುದು ಹಳೆಯ ಪದ್ಧತಿ ಎಂದು ಪ್ರಶಿಕ್ಷಣಾರ್ಥಿಗಳು ಹಿಂಜರಿಯುತ್ತಾರೆ. ಮಕ್ಕಳೇ ಎಲ್ಲ ಕಂಡುಹಿಡಿಯಬೇಕು ಎಂದು ಅವರು ಓದಿದ್ದಾರೆ. 1985ರಲ್ಲಿ ಸ್ವೆಲ್ಲರ್ ಮತ್ತು ಕೂಪರ್ ಬೀಜಗಣಿತದಲ್ಲಿ ಮಾಡಿದ ಪ್ರಯೋಗಗಳಲ್ಲಿ, ಬಿಡಿಸಿದ ಲೆಕ್ಕಗಳನ್ನು ಓದಿಕೊಂಡವರು ಅದೇ ಬಗೆಯ ಲೆಕ್ಕಗಳನ್ನು ಬೇಗ, ತಪ್ಪು ಕಡಿಮೆ ಮಾಡಿ ಬಿಡಿಸಿದರು. ಹೊಸಬರಿಗೆ ಮೊದಲು ಪೂರ್ತಿ ತೋರಿಸಬೇಕು. ಆಮೇಲೆ ಅರ್ಧ ಬಿಡಿಸಿ ಕೊಡಬೇಕು. ಆಮೇಲೆ ಕೈ ಬಿಡಬೇಕು. ವೈಗೋಟ್‌ಸ್ಕಿ ಹೇಳಿದ ಸಮೀಪದ ವಿಕಾಸ ವಲಯ, ಅಂದರೆ ಮಗು ಒಂಟಿಯಾಗಿ ಮಾಡಲಾಗದ ಆದರೆ ನೆರವಿದ್ದರೆ ಮಾಡಬಲ್ಲ ಕೆಲಸಗಳ ವಲಯ, ನನ್ನ ತರಗತಿಯಲ್ಲಿ ಕಾಣುವುದು ಹೀಗೆ. ಎರಡು ಅಂಕದ ಉತ್ತರವಾಗಿ ಅದನ್ನು ಬರೆದವರಿಗೆ ಇದು ಕಾಣದೇ ಹೋಗುವುದು ನನಗೆ ಬೇಸರ ತರುತ್ತದೆ.

ಅಭ್ಯಾಸದ ಲೆಕ್ಕಗಳ ವಿಷಯವೂ ಹಾಗೆಯೇ. ಸಮಾಂತರ ಶ್ರೇಢಿಯ ಅಧ್ಯಾಯದ ಕೊನೆಗೆ ಎಲ್ಲವೂ ಸಮಾಂತರ ಶ್ರೇಢಿಯ ಲೆಕ್ಕಗಳೇ. ಯಾವ ಸೂತ್ರ ಹಾಕಬೇಕು ಎಂದು ಮಗು ಯೋಚಿಸುವುದೇ ಇಲ್ಲ, ಅಧ್ಯಾಯದ ಹೆಸರೇ ಹೇಳಿಬಿಡುತ್ತದೆ. ಎಸ್‌ಎಸ್‌ಎಲ್‌ಸಿ ಪರೀಕ್ಷೆಯಲ್ಲಿ ಎಲ್ಲ ಬೆರೆತು ಬಂದಾಗ ಗೊತ್ತಿದ್ದ ಲೆಕ್ಕವೂ ಕೈಕೊಡುತ್ತದೆ. ರೋರರ್ ಮತ್ತು ಟೇಲರ್ 2007ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಒಂದೇ ಬಗೆಯ ಲೆಕ್ಕಗಳನ್ನು ಸಾಲಾಗಿ ಮಾಡಿದವರು ಅಭ್ಯಾಸದ ಹೊತ್ತಿನಲ್ಲಿ ಮುಂದಿದ್ದರು. ವಾರದ ನಂತರದ ಪರೀಕ್ಷೆಯಲ್ಲಿ ಬೆರೆಸಿ ಮಾಡಿದವರು ಬಹಳ ಮುಂದೆ ಹೋದರು.

ಹೀಗೆ ಮತ್ತೆ ಮತ್ತೆ ಒಂದೇ ಕಡೆಗೆ ಬರುತ್ತೇವೆ. ಪಾಠದ ಹೊತ್ತಿನಲ್ಲಿ ಸಲೀಸಾಗಿ ಕಂಡದ್ದು ಆಮೇಲೆ ಉಳಿಯಬೇಕೆಂದಿಲ್ಲ. ಕಷ್ಟಪಟ್ಟು ನೆನಪಿಸಿಕೊಂಡದ್ದು, ತಡವರಿಸಿ ಆರಿಸಿಕೊಂಡದ್ದು ಉಳಿಯುತ್ತದೆ. ಆದರೆ ನಿಮ್ಮ ವೀಕ್ಷಕರು ಪ್ರಶಿಕ್ಷಣಾರ್ಥಿಗೆ ಅಂಕ ಕೊಡುವುದು ಸಲೀಸಿಗೆ. ಪೀಠಿಕೆ ಚೆನ್ನಾಗಿತ್ತೇ, ಬೋರ್ಡ್ ಬರಹ ಅಂದವಾಗಿತ್ತೇ, ಬೋಧನೋಪಕರಣ ಬಳಸಿದರೇ, ಮಕ್ಕಳು ಬೇಗ ಬೇಗ ಉತ್ತರ ಕೊಟ್ಟರೇ, ಮುಕ್ತಾಯ ಸಮಯಕ್ಕೆ ಬಂತೇ. ಪಾಠ ನೋಡಲು ಬರುವ ದಿನ ಶ್ಯಾಣ್ಯಾ ಮಕ್ಕಳನ್ನು ಮುಂದಿನ ಸಾಲಿಗೆ ಕೂರಿಸುವುದು ಎಲ್ಲ ಶಾಲೆಗಳಿಗೂ ಗೊತ್ತಿರುವ ಸಂಗತಿ. ಮಗು ತಡವರಿಸಿದರೆ ಪ್ರಶಿಕ್ಷಣಾರ್ಥಿಗೆ ಅಂಕ ಹೋಗುತ್ತದೆ ಎಂಬ ಭಯ. ಹಾಗಿರುವಾಗ ಯಾವ ಪ್ರಶಿಕ್ಷಣಾರ್ಥಿ ಮಗು ತಡವರಿಸಲು ಅವಕಾಶ ಕೊಟ್ಟಾರು?

ಕೆಲವು ಸಂಗತಿಗಳನ್ನು ಪಠ್ಯದಿಂದ ತೆಗೆಯಲೂ ಬೇಕು. ನೋಡಿ ಕಲಿಯುವವರು, ಕೇಳಿ ಕಲಿಯುವವರು, ಮಾಡಿ ಕಲಿಯುವವರು ಎಂದು ಮಕ್ಕಳನ್ನು ವಿಂಗಡಿಸಿ, ಆಯಾ ಶೈಲಿಗೆ ತಕ್ಕಂತೆ ಕಲಿಸಿದರೆ ಹೆಚ್ಚು ಕಲಿಯುತ್ತಾರೆ ಎಂದು ಇನ್ನೂ ಬರೆಸಲಾಗುತ್ತಿದೆ. 2008ರಲ್ಲಿ ಪ್ಯಾಶ್ಲರ್ ಮತ್ತು ಜೊತೆಗಾರರು ಇದರ ಸಂಶೋಧನೆಗಳನ್ನೆಲ್ಲ ಪರಿಶೀಲಿಸಿ, ಈ ಮಾತಿಗೆ ತಕ್ಕ ಆಧಾರ ಇಲ್ಲ ಎಂದರು. ಪಿಯಾಜೆಯ ಹಂತಗಳನ್ನೂ ಗೋಡೆಗಳ ಹಾಗೆ ಕಲಿಸಬೇಡಿ. ಅಮೆರಿಕನ್ ಸೈಕಾಲಜಿಕಲ್ ಅಸೋಸಿಯೇಶನ್ 2015ರಲ್ಲಿ ಶಾಲಾ ಶಿಕ್ಷಕರಿಗಾಗಿ ಕಲಿಕೆ ಮತ್ತು ಬೋಧನೆಯ 20 ತತ್ವಗಳನ್ನು ಪ್ರಕಟಿಸಿತು. ಅದರ ಮೂರನೆಯ ತತ್ವವೇ, ಮಕ್ಕಳ ಕಲಿಕೆ ವಯಸ್ಸಿನ ಸಾಮಾನ್ಯ ಹಂತಗಳಿಗೆ ಕಟ್ಟುಬಿದ್ದಿಲ್ಲ ಎಂಬುದು. "ಈ ವಯಸ್ಸಿಗೆ ಇದು ತಿಳಿಯುವುದಿಲ್ಲ" ಎಂದು ಕೈಬಿಡುವ ಶಿಕ್ಷಕರನ್ನು ನಾವು ತಯಾರು ಮಾಡಬಾರದು. ಆ 20 ತತ್ವಗಳು ಕನ್ನಡದಲ್ಲಿ, ನಮ್ಮ ಮಕ್ಕಳ ಉದಾಹರಣೆಗಳ ಜೊತೆ, ಪ್ರತಿ ಬಿ.ಇಡಿ. ವಿದ್ಯಾರ್ಥಿಯ ಕೈಯಲ್ಲಿ ಇರಬೇಕು. ಆ ಕೆಲಸಕ್ಕೆ ಧಾರವಾಡಕ್ಕಿಂತ ತಕ್ಕ ಊರು ಯಾವುದಿದೆ?

ಈಗ ಹೇಳುವ ಮಾತು ನನಗೆ ಎಲ್ಲಕ್ಕಿಂತ ಮುಖ್ಯ. ಶಿಷ್ಯವೇತನದ ಫಾರ್ಮ್ ತುಂಬಿಸುವಾಗ ಅನೇಕ ಶಾಲೆಗಳಲ್ಲಿ ತರಗತಿಯ ನಡುವೆಯೇ "ಎಸ್‌ಸಿ, ಎಸ್‌ಟಿ ಮಕ್ಕಳು ಎದ್ದು ನಿಲ್ಲಿ" ಎನ್ನುತ್ತಾರೆ. ಹೇಳುವವರ ಮನಸ್ಸಿನಲ್ಲಿ ಕೆಟ್ಟದ್ದು ಇರದೇ ಇರಬಹುದು, ಕೆಲಸ ಬೇಗ ಮುಗಿಯಲಿ ಎಂದಿರಬಹುದು. ಆದರೆ ಅದು ಏನು ಮಾಡುತ್ತದೆ ಎಂದು ಕಾರ್ಲಾ ಹಾಫ್ ಮತ್ತು ಪ್ರಿಯಾಂಕಾ ಪಾಂಡೆ ಉತ್ತರ ಪ್ರದೇಶದ ಹಳ್ಳಿಗಳಲ್ಲಿ ಪ್ರಯೋಗ ಮಾಡಿ ತೋರಿಸಿದ್ದಾರೆ. ಆರು, ಏಳನೇ ತರಗತಿಯ ಹುಡುಗರಿಗೆ ದಾರಿ ಹುಡುಕುವ ಒಗಟುಗಳನ್ನು ಕೊಟ್ಟರು. ಯಾರ ಜಾತಿಯನ್ನೂ ಹೇಳದಿದ್ದಾಗ ಮೇಲ್ಜಾತಿ, ಕೆಳಜಾತಿ ಎನ್ನುವ ಹುಡುಗರ ನಡುವೆ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಎಲ್ಲರ ಮುಂದೆ ಹೆಸರಿನ ಜೊತೆ ಜಾತಿಯನ್ನೂ ಓದಿ ಹೇಳಿದ ಗುಂಪುಗಳಲ್ಲಿ ದಲಿತ ಹುಡುಗರು ಬಿಡಿಸಿದ ಒಗಟುಗಳ ಸಂಖ್ಯೆ ಇಳಿಯಿತು. ಹುಡುಗರು ಅಂಥವರೇ, ಬುದ್ಧಿಯೂ ಅಂಥದ್ದೇ. ಬದಲಾದದ್ದು ಆ ಕೋಣೆಯಲ್ಲಿ ಕೇಳಿಸಿದ ಮಾತು.

ಈ ಪ್ರಯೋಗ ಪ್ರತಿ ಬಿ.ಇಡಿ. ತರಗತಿಯಲ್ಲಿ ಚರ್ಚೆಯಾಗಬೇಕು. ನಮ್ಮದೇ ದೇಶದ್ದು, ನಮ್ಮದೇ ಹಳ್ಳಿಶಾಲೆಗಳಂಥ ಕಡೆ ನಡೆದದ್ದು. ಇದನ್ನು ಓದಿದ ಹುಡುಗಿ ಮುಂದೆ ಶಿಕ್ಷಕಿಯಾದಾಗ ಫಾರ್ಮ್ ತುಂಬಲು ಮಕ್ಕಳನ್ನು ಒಬ್ಬೊಬ್ಬರನ್ನಾಗಿ ಸ್ಟಾಫ್ ರೂಮಿಗೆ ಕರೆಯುತ್ತಾಳೆ. ಪಾಸಾಗುವಷ್ಟು ಓದಿಸಿದರೆ ಸಾಕು ಎಂಬ ಅರ್ಥದಲ್ಲಿ "ಇವರು ಪಾಸಿಂಗ್ ಪ್ಯಾಕೇಜ್ ಮಕ್ಕಳು" ಎಂದು ಅವರ ಮುಂದೆಯೇ ಹೇಳುವುದಿಲ್ಲ. ಶಿಕ್ಷಕರ ನಿರೀಕ್ಷೆ ಮಕ್ಕಳ ಕಲಿಕೆಯನ್ನು ಮುಟ್ಟುತ್ತದೆ ಎಂಬುದು ಆ 20 ತತ್ವಗಳಲ್ಲಿ ಇದೆ, ನಮ್ಮ ಕಣ್ಣ ಮುಂದೆಯೂ ಇದೆ. ಗೋವಾಕ್ಕೆ ದುಡಿಯಲು ಹೋದ ತಂದೆತಾಯಿಯ ಜೊತೆ ಮೂರು ತಿಂಗಳು ಶಾಲೆ ಬಿಟ್ಟು ಬಂದ ಮಗುವಿಗೆ ನಾವು ಕೇಳುವ ಮೊದಲ ಪ್ರಶ್ನೆ ಏನು, ಯಾವ ದನಿಯಲ್ಲಿ ಕೇಳುತ್ತೇವೆ ಎಂಬುದರ ಮೇಲೆ ಅದು ಉಳಿಯುವುದೋ ಬಿಡುವುದೋ ತೀರ್ಮಾನ ಆಗುವುದುಂಟು. ಹೊಡೆಯುವುದನ್ನು, ಮಾನಸಿಕ ಹಿಂಸೆ ಕೊಡುವುದನ್ನು 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಕಲಂ ನಿಷೇಧಿಸಿದೆ. ಕಾನೂನು ಇದೆ ಎಂದು ಹೇಳಿದರೆ ಸಾಲದು. ಹೆದರಿದ ಮಗುವಿನ ಕಾರ್ಯಸ್ಮೃತಿ ಹೆದರಿಕೆಯಿಂದಲೇ ತುಂಬಿರುತ್ತದೆ, ಲೆಕ್ಕಕ್ಕೆ ಅಲ್ಲಿ ಜಾಗವಿಲ್ಲ ಎಂದು ಕಾರಣವನ್ನೂ ತಿಳಿಸಬೇಕು.

ಹೊಗಳಿಕೆಗೂ ಲೆಕ್ಕ ಇದೆ. ಮುಲ್ಲರ್ ಮತ್ತು ಡ್ವೆಕ್ 1998ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ, ಜಾಣತನವನ್ನು ಹೊಗಳಿಸಿಕೊಂಡ ಐದನೇ ತರಗತಿಯ ಮಕ್ಕಳು ಕಠಿಣ ಒಗಟುಗಳಲ್ಲಿ ಸೋತ ಮೇಲೆ ಬೇಗ ಕೈಚೆಲ್ಲಿದರು. ಪ್ರಯತ್ನವನ್ನು ಹೊಗಳಿಸಿಕೊಂಡವರು ಹಿಡಿದು ಕುಳಿತರು. "ಭಾಳ ಶ್ಯಾಣ್ಯಾ ಅದಿ" ಎನ್ನುವ ಬದಲು "ಎರಡನೇ ಹೆಜ್ಜೆ ನೀನೇ ತಿದ್ದಿಕೊಂಡೆ ನೋಡು" ಎನ್ನುವುದು ದೊಡ್ಡ ಪವಾಡ ಮಾಡುತ್ತದೆ ಎಂದು ನಾನು ಹೇಳುವುದಿಲ್ಲ. ಆಮೇಲಿನ ದೊಡ್ಡ ಅಧ್ಯಯನಗಳಲ್ಲಿ ಇಂಥ ಬೋಧನೆಯ ಪರಿಣಾಮ ಚಿಕ್ಕದಾಗಿಯೇ ಕಂಡಿದೆ. ಆದರೂ ಮಗುವಿಗೆ ಮುಂದೆ ಏನು ಮಾಡಬೇಕು ಎಂದು ಎರಡನೆಯ ಮಾತಿನಿಂದ ತಿಳಿಯುತ್ತದೆ.

ನಿಮ್ಮ ಕಷ್ಟಗಳು ನನಗೆ ಗೊತ್ತಿವೆ. ಎಷ್ಟೋ ಕಡೆ ಅತಿಥಿ ಉಪನ್ಯಾಸಕರೇ ಕಾಲೇಜು ನಡೆಸುತ್ತಿದ್ದಾರೆ. ಪಠ್ಯಕ್ರಮ ಮೇಲಿಂದ ಬರುತ್ತದೆ. ಹಾಗಿದ್ದೂ ಯಾರ ಅನುಮತಿಯೂ ಬೇಕಿಲ್ಲದ ಕೆಲಸಗಳಿವೆ. ಮನೋವಿಜ್ಞಾನದ ತರಗತಿಯೇ ಮನೋವಿಜ್ಞಾನದಂತೆ ನಡೆಯಲಿ. ಪ್ರತಿ ದಿನ ಹಳೆಯ ಪಾಠದ ಎರಡು ಪ್ರಶ್ನೆಗಳಿಂದ ಶುರುವಾಗಲಿ, ನೋಟ್ಸ್ ಮುಚ್ಚಿರಲಿ. ಮರೆವಿನ ಪಾಠವನ್ನು ತಮ್ಮದೇ ಮರೆವಿನ ಮೇಲೆ ಪರೀಕ್ಷಿಸಿ ನೋಡಿದವರು ಅದನ್ನು ಮರೆಯುವುದಿಲ್ಲ. ಪಾಠ ಯೋಜನೆಯಲ್ಲಿ ಪೂರ್ವಜ್ಞಾನದ ಆ ಒಂದು ಸಾಲನ್ನು ತೆಗೆದು, "ಈ ಪಾಠದಲ್ಲಿ ಮಕ್ಕಳು ಮಾಡಬಹುದಾದ ಮೂರು ತಪ್ಪುಗಳು ಯಾವುವು, ಯಾಕೆ" ಎಂದು ಬರೆಸಿ. ಮೊದಮೊದಲು ಅವರಿಗೆ ಬರೆಯಲು ಬರುವುದಿಲ್ಲ. ಮಕ್ಕಳ ನೋಟ್‌ಬುಕ್ ನೋಡಿ ಬರೆಯಬೇಕಾಗುತ್ತದೆ. ನನಗೆ ಬೇಕಾದದ್ದೂ ಅದೇ.

ಇಂಟರ್ನ್‌ಶಿಪ್‌ಗೆ ಸಮಯ ಸಾಲದು ಎನ್ನುವ ಹಾಗಿಲ್ಲ. ಶಿಕ್ಷಕರ ಶಿಕ್ಷಣದ ರಾಷ್ಟ್ರೀಯ ಪರಿಷತ್ತಾದ ಎನ್‌ಸಿಟಿಇಯ 2014ರ ನಿಯಮಗಳ ನಂತರ ಬಿ.ಇಡಿ. ಎರಡು ವರ್ಷದ್ದಾಗಿದೆ. ಒಟ್ಟು 20 ವಾರ ಶಾಲೆಗಳ ಜೊತೆ ಕಳೆಯಬೇಕು ಎಂದು ಅದರಲ್ಲೇ ಇದೆ. ಆ ವಾರಗಳಲ್ಲಿ ಪ್ರತಿಯೊಬ್ಬ ಪ್ರಶಿಕ್ಷಣಾರ್ಥಿ ಇಬ್ಬರು ಮೂವರು ಮಕ್ಕಳ ಜೊತೆ ಕುಳಿತು, ಅವರು ಲೆಕ್ಕ ಮಾಡುವಾಗ "ಹೇಗೆ ಮಾಡಿದೆ, ಹೇಳು" ಎಂದು ಕೇಳಿ, ಮಗು ಹೇಳಿದ್ದನ್ನು ಮಗುವಿನ ಮಾತಿನಲ್ಲೇ ಬರೆದುಕೊಳ್ಳಲಿ. ದಾಖಲೆಯಲ್ಲಿ ಮಗುವಿನ ಹೆಸರು ಬೇಡ. ಚಾರ್ಟಿಗೆ ಕೊಡುವ ಅಂಕವನ್ನು ಈ ಬರಹಕ್ಕೆ ಕೊಡಿ. ಪಾಠ ನೋಡಲು ಬರುವ ವೀಕ್ಷಕರು ಸಾಧ್ಯವಾದ ಕಡೆ ವಾರದ ನಂತರ ಇನ್ನೊಮ್ಮೆ ಬರಲಿ, ಇಲ್ಲವೇ ನಮಗೆ ಫೋನ್ ಮಾಡಲಿ. ಮಕ್ಕಳಿಗೆ ಏನು ಉಳಿದಿದೆ ಎಂದು ನಾವು ಕೇಳಿ ನೋಡಿ ತಿಳಿಸುತ್ತೇವೆ.

ಪ್ರಶ್ನೆಪತ್ರಿಕೆ ತಯಾರಿಸುವವರಲ್ಲಿ ಒಂದು ಬೇಡಿಕೆ. "ಪೂರ್ವಜ್ಞಾನ ಎಂದರೇನು? ಅದರ ಮಹತ್ವ ವಿವರಿಸಿ" ಎಂದು ಕೇಳುವ ಜಾಗದಲ್ಲಿ ಹೀಗೆ ಕೇಳಿ ನೋಡಿ: "ಒಂದು ಮಗು ಎರಡನೇ ಒಂದಕ್ಕೆ ಮೂರನೇ ಒಂದು ಕೂಡಿಸಿ ಐದನೇ ಎರಡು ಎಂದು ಬರೆದಿದೆ. ಅದು ಹೇಗೆ ಯೋಚಿಸಿದೆ? ಉತ್ತರ ಹೇಳದೆ, ಅದು ತಾನೇ ತಪ್ಪು ಕಾಣುವಂತೆ ನೀವು ಕೇಳುವ ಎರಡು ಪ್ರಶ್ನೆಗಳು ಯಾವುವು?" ಇದಕ್ಕೆ ಗೈಡಿನಲ್ಲಿ ಉತ್ತರ ಸಿಗುವುದಿಲ್ಲ. ಎರಡನೇ ಒಂದು ಐದನೇ ಎರಡಕ್ಕಿಂತ ದೊಡ್ಡದು, ಕೂಡಿಸಿದ ಮೇಲೆ ಕಡಿಮೆ ಆಗುವುದು ಹೇಗೆ ಎಂದು ಮಗುವಿಗೆ ಕೇಳಬೇಕು ಎಂಬುದು ಹೊಳೆದವರು ತರಗತಿಗೆ ತಯಾರಾಗಿದ್ದಾರೆ.

ಇಂಥ ಪ್ರಶ್ನೆಗಳಿಗೆ ಸಾಮಗ್ರಿ ನಮ್ಮ ಹತ್ತಿರ ಇದೆ. ಗಣಿತದಲ್ಲಿ ಮಕ್ಕಳು ಮತ್ತೆ ಮತ್ತೆ ಮಾಡುವ ತಪ್ಪುಗಳನ್ನು, ಹೆಸರು ತೆಗೆದು, ಅಧ್ಯಾಯವಾರು ಬರೆದಿಟ್ಟಿದ್ದೇನೆ. ವಿಜ್ಞಾನ, ಕನ್ನಡ, ಸಮಾಜ ಕಲಿಸುವ ಗೆಳತಿಯರೂ ಕೊಡಲು ತಯಾರಿದ್ದಾರೆ. ಈ ವರ್ಷದ ಇಂಟರ್ನ್‌ಶಿಪ್ ಶುರುವಾಗುವ ಮೊದಲು ಧಾರವಾಡದಲ್ಲಿ ಒಂದು ಸಭೆ ಕರೆಯಿರಿ. ಮೂರೂ ಜಿಲ್ಲೆಗಳ ಉಪನ್ಯಾಸಕರು, ಪ್ರಶಿಕ್ಷಣಾರ್ಥಿಗಳನ್ನು ಕರೆದುಕೊಳ್ಳುವ ಶಾಲೆಗಳ ಶಿಕ್ಷಕರು ಒಟ್ಟಿಗೆ ಕುಳಿತು ವೀಕ್ಷಣೆಯ ನಮೂನೆಯನ್ನೂ ಪಾಠ ಯೋಜನೆಯನ್ನೂ ತಿದ್ದೋಣ. ಶನಿವಾರ ಮಧ್ಯಾಹ್ನ ಇಟ್ಟರೆ ಅನುಕೂಲ. ಆ ದಿನ ನಮ್ಮ ಶಾಲೆ ಬೆಳಗಿನ ಹೊತ್ತೇ ಮುಗಿಯುತ್ತದೆ, ಯಾರ ಪಾಠವೂ ತಪ್ಪುವುದಿಲ್ಲ.

ಇಂತಿ ನಿಮ್ಮ ವಿಶ್ವಾಸಿ,
ಒಬ್ಬ ಗಣಿತ ಶಿಕ್ಷಕಿ
ಕುಂದಗೋಳ ತಾಲೂಕು, ಧಾರವಾಡ ಜಿಲ್ಲೆ